ಇರುವ ಸಿಎಂಎಸ್ ಒಗ್ಗಿಸಿಕೊಳ್ಳೋದಾ, ಸೊನ್ನೆಯಿಂದ ಕಟ್ಟೋದಾ? ತೀರ್ಮಾನಕ್ಕೆ ಮುಂಚೆ ಒಂದು ವಾರ ಕೊಡಿ

ಒಂದು ಸೈಟ್ ಬೇಕು. ನಾಲ್ಕೈದು ಜನ ದಿನಾ ಅದರಲ್ಲಿ ಬರೆದು ಹಾಕುತ್ತಾರೆ, ಫೋಟೊ ಸೇರಿಸುತ್ತಾರೆ, ಹಳೆಯದನ್ನು ತಿದ್ದುತ್ತಾರೆ. ಈ ಕೆಲಸಕ್ಕೆ ಬಳಸುವ ತಂತ್ರಾಂಶಕ್ಕೇ ಸಿಎಂಎಸ್ ಅನ್ನೋದು, ವರ್ಡ್‌ಪ್ರೆಸ್ ಅಂಥದ್ದೊಂದು. ಇಷ್ಟು ಮಾತು ಬಂದ ಕೂಡಲೇ ತಂಡದಲ್ಲಿ ಎರಡು ಗುಂಪಾಗುತ್ತದೆ. ಒಬ್ಬರು "ವರ್ಡ್‌ಪ್ರೆಸ್ ಹಾಕಿ ಮುಗಿಸಿ" ಅನ್ನುತ್ತಾರೆ. ಇನ್ನೊಬ್ಬರು "ಅದರಲ್ಲಿ ನಮಗೆ ಬೇಡದ್ದೇ ಜಾಸ್ತಿ, ಬೇಕಾದಷ್ಟನ್ನು ನಾವೇ ಬರೆದುಕೊಳ್ಳೋಣ, ಎರಡು ತಿಂಗಳ ಕೆಲಸ" ಅನ್ನುತ್ತಾರೆ. ಇಬ್ಬರ ಮಾತಿನಲ್ಲೂ ನಿಜ ಇದೆ. ಆದರೆ ಇಬ್ಬರೂ ಲೆಕ್ಕ ಹಾಕುತ್ತಿರುವುದು ಆ ಮೊದಲ ಎರಡು ತಿಂಗಳಿಗೆ ಮಾತ್ರ. ಸಿಎಂಎಸ್ ಅನ್ನೋದು ಐದಾರು ವರ್ಷ ಜೊತೆಗಿರುವ ವಸ್ತು.

ನಾನು ಎರಡೂ ಮಾಡಿದ್ದೇನೆ. ಒಂದನ್ನು ಸೊನ್ನೆಯಿಂದ ಬರೆದು ಮೂರು ವರ್ಷ ನೋಡಿಕೊಂಡೆ. ಬೇರೆಯವರು ಒಗ್ಗಿಸಲು ಹೋಗಿ ಕೆಡಿಸಿಟ್ಟಿದ್ದ ಇನ್ನೊಂದನ್ನು ಸರಿ ಮಾಡಿದೆ. ಅದರಿಂದ ಒಂದು ಅಭಿಪ್ರಾಯ ಗಟ್ಟಿಯಾಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಈ ತೀರ್ಮಾನವನ್ನು ಕೋಡ್ ಬರೆಯುವವರ ಇಷ್ಟಕ್ಕೆ ಬಿಡಬೇಡಿ. ನಿಮ್ಮ ಬರಹದ ಆಕಾರ ಎಂಥದ್ದು, ದಿನಾ ಕೂತು ಟೈಪ್ ಮಾಡುವವರ ಕೆಲಸ ಹೇಗೆ ನಡೆಯುತ್ತದೆ ಅನ್ನೋದನ್ನು ನೋಡಿ ತೀರ್ಮಾನಿಸಿ. ಹಾಗೆ ನೋಡಿದರೆ ಹೆಚ್ಚಿನವರಿಗೆ ಇರುವುದನ್ನು ಒಗ್ಗಿಸಿಕೊಳ್ಳೋದೇ ಸರಿ ಅಂತ ಗೊತ್ತಾಗುತ್ತದೆ. ಕೆಲವರಿಗೆ ನಿಜಕ್ಕೂ ಸ್ವಂತದ್ದೇ ಬೇಕು. ನೀವು ಯಾವ ಕಡೆ ಅಂತ ಕಂಡುಕೊಳ್ಳುವ ದಾರಿಯನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಹತ್ತು ನಿಜವಾದ ಬರಹ ತೆಗೆದುಕೊಳ್ಳಿ

ಯಾವ ತಂತ್ರಾಂಶವನ್ನೂ ಇನ್ನೂ ಮುಟ್ಟಬೇಡಿ. ನಿಮ್ಮ ಸೈಟಿಗೆ ಹೋಗಬೇಕಾದ ಹತ್ತು ಬರಹಗಳನ್ನು ಮುಂದೆ ಇಟ್ಟುಕೊಳ್ಳಿ. ಮಾದರಿಗೆ ಅಂತ ಸುಮ್ನೆ ಬರೆದದ್ದು ಬೇಡ, ನಿಜವಾಗಿಯೂ ಪ್ರಕಟವಾಗಬೇಕಾದವೇ ಬೇಕು. ಅದರಲ್ಲೂ ಮೂರು ನಾಲ್ಕಾದರೂ ತೊಡಕಿನವು ಇರಲಿ. ಒಂದೊಂದರಲ್ಲೂ ಯಾವ ಯಾವ ಭಾಗ ಇದೆ ಅಂತ ಕಾಗದದ ಮೇಲೆ ಬರೆಯಿರಿ.

ಒಂದು ಉದಾಹರಣೆ ನೋಡೋಣ. ಉಪನ್ಯಾಸಗಳ ಸಂಗ್ರಹದ ಸೈಟ್ ಅಂದುಕೊಳ್ಳಿ. ಮೇಲ್ನೋಟಕ್ಕೆ ಬಹಳ ಸರಳ: ಶೀರ್ಷಿಕೆ, ಮಾತಾಡಿದವರ ಹೆಸರು, ದಿನಾಂಕ, ಆಡಿಯೊ, ಬರಹರೂಪ. ಹತ್ತನ್ನು ಬಿಡಿಸಿ ನೋಡಿದಾಗ ಒಂದರಲ್ಲಿ ಇಬ್ಬರು ಮಾತಾಡಿದ್ದಾರೆ. ಇನ್ನೊಂದಕ್ಕೆ ದಿನಾಂಕವೇ ಇಲ್ಲ, ಇಸವಿ ಮಾತ್ರ ಗೊತ್ತು. ಒಂದು ಉಪನ್ಯಾಸ ಎರಡು ದಿನ ನಡೆದಿದೆ, ಎರಡು ಆಡಿಯೊ ಇದೆ, ಬರಹರೂಪ ಮಾತ್ರ ಒಂದೇ. ಮತ್ತೊಂದರ ಬರಹರೂಪ ಎರಡು ಭಾಷೆಯಲ್ಲಿದೆ. ಓದುಗರು "ಇವರು ಮಾತಾಡಿದ್ದೆಲ್ಲ ತೋರಿಸಿ" ಅಂತ ಕೇಳುತ್ತಾರೆ. ಹಾಗಾದರೆ ಮಾತಾಡಿದವರ ಹೆಸರನ್ನು ಸುಮ್ನೆ ಒಂದು ಸಾಲಾಗಿ ಬರೆದರೆ ಸಾಲದು, ಅವರಿಗೇ ಒಂದು ಪುಟ ಬೇಕು, ಆ ಪುಟಕ್ಕೂ ಉಪನ್ಯಾಸಕ್ಕೂ ಕೊಂಡಿ ಬೇಕು. ನಾನು ಬರಹದ ಆಕಾರ ಅಂದದ್ದು ಇದನ್ನೇ. ಸಭೆಯಲ್ಲಿ ಕೂತು ಮಾತಾಡಿದರೆ ಇದು ಕಾಣುವುದಿಲ್ಲ, ಹತ್ತನ್ನು ಬಿಡಿಸಿದರೆ ಮಾತ್ರ ಕಾಣುತ್ತದೆ.

ಇಷ್ಟು ಮಾಡಿದ ಮೇಲೆ ನಿಮ್ಮ ಹತ್ತೂ ಬರಹಗಳು ಶೀರ್ಷಿಕೆ, ಒಡಲು, ಚಿತ್ರ, ವಿಭಾಗ, ದಿನಾಂಕ ಇಷ್ಟರಲ್ಲೇ ಮುಗಿದರೆ ತಲೆ ಕೆಡಿಸಿಕೊಳ್ಳಬೇಡಿ. ವರ್ಡ್‌ಪ್ರೆಸ್, ಘೋಸ್ಟ್, ಜೂಮ್ಲಾ ಯಾವುದಾದರೂ ಆಗುತ್ತದೆ. ಸೊನ್ನೆಯಿಂದ ಕಟ್ಟುವ ಮಾತೇ ಬೇಡ. ಇದೇ ಆಕಾರಕ್ಕಾಗಿ ಸಾವಿರಾರು ಜನ ಇಪ್ಪತ್ತು ವರ್ಷ ದುಡಿದಿದ್ದಾರೆ. ವರ್ಡ್‌ಪ್ರೆಸ್ ಮೊದಲು ಬಂದದ್ದು 2003ರ ಮೇ ತಿಂಗಳಲ್ಲಿ. ಸ್ವಾರಸ್ಯ ಅಂದರೆ ಅದೂ ಸೊನ್ನೆಯಿಂದ ಹುಟ್ಟಿದ್ದಲ್ಲ. ಕೆಲಸ ನಿಂತುಹೋಗಿದ್ದ ಇನ್ನೊಂದು ಬ್ಲಾಗ್ ತಂತ್ರಾಂಶದ ಕೋಡ್ ತೆಗೆದುಕೊಂಡು ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ಮುಂದುವರಿಸಿದ್ದು. ಜೂಮ್ಲಾ ಕೂಡ 2005ರಲ್ಲಿ ಮ್ಯಾಂಬೋ ಅನ್ನುವ ಇನ್ನೊಂದು ಸಿಎಂಎಸ್‌ನಿಂದ ಒಡೆದು ಬಂದದ್ದೇ.

ಆಕಾರ ತೊಡಕಿನದಾದರೆ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ತಿಳಿದಿರಬೇಕು. ವರ್ಡ್‌ಪ್ರೆಸ್‌ನಲ್ಲಿ 2010ರಲ್ಲಿ ಬಂದ 3.0 ಆವೃತ್ತಿಯಿಂದ ನಿಮ್ಮದೇ ಬಗೆಯ ಬರಹ ಮಾಡಿಕೊಳ್ಳೋದು ಸುಲಭವಾಯಿತು. 'ಉಪನ್ಯಾಸ' ಅಂತ ಒಂದು ಬಗೆ, 'ವ್ಯಕ್ತಿ' ಅಂತ ಇನ್ನೊಂದು. ಆದರೆ ನೀವು ಸೇರಿಸುವ ಒಂದೊಂದು ಫೀಲ್ಡೂ, ಅಂದರೆ ಮಾತಾಡಿದವರ ಹೆಸರು, ಇಸವಿಯಂಥ ಒಂದೊಂದು ಮಾಹಿತಿಯೂ, ಡೇಟಾಬೇಸಿನ ಪೋಸ್ಟ್‌ಮೆಟಾ ಅನ್ನುವ ಒಂದೇ ಟೇಬಲ್‌ನಲ್ಲಿ ಒಂದೊಂದು ಸಾಲಾಗಿ ಕೂರುತ್ತದೆ. ಇಪ್ಪತ್ತು ಫೀಲ್ಡ್, ಐದು ಸಾವಿರ ಉಪನ್ಯಾಸ ಅಂದರೆ ಒಂದು ಲಕ್ಷ ಸಾಲು. ಸಂಖ್ಯೆ, ದಿನಾಂಕ, ಹೆಸರು ಎಲ್ಲವೂ ಅಲ್ಲಿ ಬರೀ ಪಠ್ಯ. "ಇವರು ಮಾತಾಡಿದ್ದು, ಈ ಇಸವಿಯ ನಂತರದ್ದು, ಒಂದು ಗಂಟೆಗಿಂತ ಉದ್ದ ಇರೋದು" ಅಂತ ಹುಡುಕಿದರೆ ಡೇಟಾಬೇಸ್ ಅದೇ ಟೇಬಲ್ಲನ್ನು ಮೂರು ಸಲ ತನಗೆ ತಾನೇ ಜೋಡಿಸಿಕೊಳ್ಳಬೇಕು. ಕೆಲವು ನೂರು ಬರಹ ಇದ್ದಾಗ ಗೊತ್ತೇ ಆಗುವುದಿಲ್ಲ. ಬರಹ ಹತ್ತಾರು ಸಾವಿರ ಆಗಿ, ಓದುಗರು ದಿನವಿಡೀ ಇಂಥ ಸೋಸುವಿಕೆಯನ್ನೇ ಮಾಡುತ್ತಿದ್ದರೆ ಸೈಟ್ ನಿಧಾನವಾಗುತ್ತದೆ. ಡ್ರೂಪಲ್ ಅನ್ನುವ ಇನ್ನೊಂದು ಸಿಎಂಎಸ್ ಈ ವಿಷಯದಲ್ಲಿ ಬೇರೆ ದಾರಿ ಹಿಡಿದಿದೆ. ಅಲ್ಲಿ ಪ್ರತಿ ಫೀಲ್ಡಿಗೂ ಅದರದ್ದೇ ಟೇಬಲ್ ಇರುತ್ತದೆ, ಒಂದು ಬರಹದಿಂದ ಇನ್ನೊಂದಕ್ಕೆ ಕೊಂಡಿ ಹಾಕುವ ವ್ಯವಸ್ಥೆ 8ನೇ ಆವೃತ್ತಿಯಿಂದ ಒಳಗೇ ಬರುತ್ತದೆ. ಕಲಿಯಲು ಜಾಸ್ತಿ ಸಮಯ ಬೇಕು, ಆದರೆ ಉಪನ್ಯಾಸದಂಥ ಆಕಾರಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ಹಾಗಾಗಿ ವರ್ಡ್‌ಪ್ರೆಸ್ ಹೊಂದಲಿಲ್ಲ ಅಂದ ಮಾತ್ರಕ್ಕೆ ಸ್ವಂತದ್ದು ಕಟ್ಟಬೇಕು ಅಂತ ಜಿಗಿಯಬೇಡಿ. ನಡುವೆ ಇನ್ನೂ ಮೆಟ್ಟಿಲುಗಳಿವೆ.

ಸೊನ್ನೆಯಿಂದ ಕಟ್ಟಿದರೆ ಏನೆಲ್ಲ ಕಟ್ಟಬೇಕಾಗುತ್ತದೆ

"ಒಂದು ಫಾರ್ಮ್, ಒಂದು ಟೇಬಲ್, ಒಂದು ಪುಟ, ಅಷ್ಟೇ ತಾನೇ" ಅಂತ ನಾನೂ ಅಂದುಕೊಂಡಿದ್ದೆ. ಮೂರು ವಾರಕ್ಕೆ ಅಷ್ಟು ಸಿದ್ಧವೂ ಆಯಿತು. ನೋಡಿದವರೆಲ್ಲ ಖುಷಿಪಟ್ಟರು. ಆಮೇಲೆ ಬಳಕೆ ಶುರುವಾಯಿತು.

ಒಂದು ದಿನ ಸಂಪಾದಕಿಯೊಬ್ಬರು ಒಂದು ಉದ್ದದ ಬರಹವನ್ನು ಬೆಳಿಗ್ಗೆ ಎಲ್ಲ ಕೂತು ತಿದ್ದಿ ಸೇವ್ ಮಾಡಿದರು. ಅದೇ ಬರಹವನ್ನು ಅವರಿಗಿಂತ ಮುಂಚೆ ತೆರೆದಿಟ್ಟುಕೊಂಡಿದ್ದ ಇನ್ನೊಬ್ಬರು ಊಟ ಮುಗಿಸಿ ಬಂದು ಒಂದು ಕಾಗುಣಿತ ತಪ್ಪು ಸರಿ ಮಾಡಿ ಸೇವ್ ಒತ್ತಿದರು. ಅವರ ಪರದೆಯಲ್ಲಿದ್ದ ಹಳೆಯ ಪಠ್ಯ ಹೋಗಿ ಹೊಸದರ ಮೇಲೆ ಕೂತಿತು. ಮೂರು ಗಂಟೆಯ ಕೆಲಸ ಹೋಯಿತು. ಹಿಂದಿನ ಆವೃತ್ತಿ ಇಟ್ಟುಕೊಳ್ಳುವ ವ್ಯವಸ್ಥೆಯನ್ನು ನಾನು 'ಆಮೇಲೆ ಮಾಡೋಣ' ಅನ್ನುವ ಪಟ್ಟಿಗೆ ಹಾಕಿದ್ದೆ. ಅವರು ಬೈಯಲಿಲ್ಲ. ಸುಮ್ಮನೆ ಮತ್ತೆ ಮೊದಲಿನಿಂದ ತಿದ್ದಲು ಕೂತರು. ಅದನ್ನು ನೋಡಿದ್ದು ನನಗೆ ಇವತ್ತಿಗೂ ನೆನಪಿದೆ. ವರ್ಡ್‌ಪ್ರೆಸ್‌ನಲ್ಲಿ ಇಬ್ಬರು ಒಂದೇ ಬರಹ ತೆರೆದರೆ ಎರಡನೆಯವರಿಗೆ ಎಚ್ಚರಿಕೆ ಬರುತ್ತದೆ, ನಿಮಿಷಕ್ಕೊಮ್ಮೆ ತಾನಾಗಿ ಸೇವ್ ಆಗುತ್ತದೆ, ಹಳೆಯ ಆವೃತ್ತಿಗಳು ಉಳಿದಿರುತ್ತವೆ. ಇದ್ದಾಗ ಇದು ಯಾರ ಗಮನಕ್ಕೂ ಬರುವುದಿಲ್ಲ ಅಲ್ವಾ?

ಇಂಥವು ಒಂದಲ್ಲ ಎರಡಲ್ಲ. ಪಾಸ್‌ವರ್ಡ್ ಮರೆತವರಿಗೆ ಹೊಸದು ಕೊಡುವ ದಾರಿ ಬೇಕು, ಅದನ್ನು ಕಳ್ಳರು ಬಳಸದ ಹಾಗೆ ಬರೆಯಬೇಕು. ಮೊಬೈಲ್‌ನಲ್ಲಿ ತೆಗೆದ ಫೋಟೊ ಪುಟದಲ್ಲಿ ಅಡ್ಡ ಮಲಗುತ್ತದೆ, ಯಾಕೆಂದರೆ ಫೋಟೊ ಯಾವ ಕಡೆ ತಿರುಗಿರಬೇಕು ಅನ್ನೋದು ಫೈಲಿನ ಒಳಗೆ ಬರೀ ಟಿಪ್ಪಣಿಯಾಗಿ ಇರುತ್ತದೆ, ನೀವು ಚಿಕ್ಕ ಪ್ರತಿ ಮಾಡುವಾಗ ಆ ಟಿಪ್ಪಣಿ ಬಿಟ್ಟುಹೋಗುತ್ತದೆ. ವರ್ಡ್ ಫೈಲಿನಿಂದ ಕಾಪಿ ಮಾಡಿ ಅಂಟಿಸಿದರೆ ಜೊತೆಗೆ ಅದರ ಫಾಂಟು, ಬಣ್ಣ, ಕಾಣದ ಕೋಡ್ ಎಲ್ಲ ಬರುತ್ತದೆ. ನಾಳೆ ಬೆಳಿಗ್ಗೆ ಆರಕ್ಕೆ ಪ್ರಕಟವಾಗಲಿ ಅಂತ ಸಮಯ ಇಟ್ಟರೆ ಸರ್ವರ್ ತನ್ನ ಗಡಿಯಾರ ನೋಡುತ್ತದೆ, ಸಂಪಾದಕರು ತಮ್ಮ ಗಡಿಯಾರ ನೋಡುತ್ತಾರೆ. ಶೀರ್ಷಿಕೆ ಬದಲಾಯಿಸಿದರೆ ವಿಳಾಸವೂ ಬದಲಾಗುತ್ತದೆ, ಹಳೆಯ ವಿಳಾಸಕ್ಕೆ ಬಂದವರು ಖಾಲಿ ಪುಟ ನೋಡುತ್ತಾರೆ. ಇನ್ನು ಪ್ರಕಟಿಸುವ ಮುಂಚೆ ಹೇಗೆ ಕಾಣುತ್ತದೆ ಅಂತ ತೋರಿಸೋದು, ಯಾರಿಗೆ ಏನು ಮಾಡುವ ಹಕ್ಕು ಅಂತ ಇಡೋದು, ಅಳಿಸಿದ್ದನ್ನು ವಾಪಸ್ ತರೋದು, ಸರ್ಚ್ ಎಂಜಿನ್‌ಗಳಿಗೆ ಸೈಟ್‌ಮ್ಯಾಪ್ (ಸೈಟಿನ ಪುಟಗಳ ಪಟ್ಟಿ) ಕೊಡೋದು. ಯಾವುದೂ ಕಷ್ಟದ್ದಲ್ಲ. ಎಲ್ಲ ಸೇರಿದರೆ ವರ್ಷವೇ ಹೋಗುತ್ತದೆ.

ಕನ್ನಡದಲ್ಲಿ ಬರೆಯುವ ಸೈಟಾದರೆ ಇನ್ನೂ ಕೆಲವು ಸೇರುತ್ತವೆ, ಇವು ಎರಡು ದಾರಿಯಲ್ಲೂ ಸಿಗುವ ಕಲ್ಲುಗಳು. ಮೈಎಸ್‌ಕ್ಯೂಎಲ್ ಅನ್ನುವ ಡೇಟಾಬೇಸ್ ತಂತ್ರಾಂಶದಲ್ಲಿ 'ಯುಟಿಎಫ್8' ಅಂತ ಹಳೆಯ ಹೆಸರಿನಲ್ಲಿ ಕರೆಯುವ ಅಕ್ಷರ ಸಂಕೇತ ಕ್ರಮ ಒಂದು ಅಕ್ಷರಕ್ಕೆ ಮೂರು ಬೈಟ್ ಮಾತ್ರ ಹಿಡಿಯುತ್ತದೆ. ಕನ್ನಡ ಮೂರರಲ್ಲಿ ಕೂರುತ್ತದೆ, ಹಾಗಾಗಿ ಪರೀಕ್ಷೆಯಲ್ಲಿ ಎಲ್ಲ ಸರಿ ಕಾಣುತ್ತದೆ. ಯಾರೋ ಒಬ್ಬರು ಎಮೋಜಿ ಹಾಕಿದ ದಿನ ಸೇವ್ ಆಗುವುದಿಲ್ಲ, ಹಳೆಯ ಸೆಟ್ಟಿಂಗ್ ಇದ್ದರೆ ಎಮೋಜಿಯಿಂದ ಮುಂದಿನ ಬರಹವೇ ಕತ್ತರಿಸಿ ಹೋಗುತ್ತದೆ. ಬೇಕಾದ್ದು 'ಯುಟಿಎಫ್8ಎಂಬಿ4'. ವರ್ಡ್‌ಪ್ರೆಸ್ 2015ರಲ್ಲೇ ಅದಕ್ಕೆ ಬದಲಾಯಿತು. ಸ್ವಂತದ್ದಾದರೆ ನೀವೇ ನೆನಪಿಟ್ಟು ಹಾಕಬೇಕು.

ವರ್ಡ್‌ಪ್ರೆಸ್‌ಗೂ ಅದರದ್ದೇ ತೊಡಕಿದೆ. ಕನ್ನಡ ಶೀರ್ಷಿಕೆಯಿಂದ ವಿಳಾಸ ಮಾಡುವಾಗ ಒಂದೊಂದು ಅಕ್ಷರವೂ ಒಂಬತ್ತು ಚಿಹ್ನೆಗಳ ಸಂಕೇತವಾಗಿ ಬದಲಾಗುತ್ತದೆ, ವಿಳಾಸಕ್ಕೆ ಇರುವ ಜಾಗ 200 ಚಿಹ್ನೆ. ಅಂದರೆ 22 ಅಕ್ಷರ. ಇಲ್ಲಿ ಅಕ್ಷರ ಅಂದರೆ ಗುಣಿತದ ಚಿಹ್ನೆ, ಒತ್ತು, ಸೊನ್ನೆ ಎಲ್ಲ ಬೇರೆ ಬೇರೆ ಲೆಕ್ಕ. 'ಸ್ವಾತಂತ್ರ್ಯ' ಅನ್ನುವ ಒಂದೇ ಪದ ಹನ್ನೊಂದು ತಿನ್ನುತ್ತದೆ, ಅರ್ಧ ಜಾಗ ಅಲ್ಲೇ ಮುಗಿಯಿತು. ಉದ್ದ ಶೀರ್ಷಿಕೆಯ ವಿಳಾಸ ನಡುವಲ್ಲೇ ತುಂಡಾಗುತ್ತದೆ. ಪರಿಹಾರ ಸುಲಭ, ವಿಳಾಸವನ್ನು ಚಿಕ್ಕದಾಗಿ ಕೈಯಿಂದಲೇ ಕೊಡುವ ಅಭ್ಯಾಸ ಮಾಡಿಸಿ.

ಹುಡುಕಾಟ ಇನ್ನೂ ತೊಡಕು. 'ಪುಸ್ತಕ' ಅಂತ ಹುಡುಕಿದರೆ 'ಪುಸ್ತಕದಲ್ಲಿ' ಸಿಗುತ್ತದೆ, ಯಾಕೆಂದರೆ ಪದ ಪೂರ್ತಿ ಅದರೊಳಗೆ ಇದೆ. 'ಊರು' ಅಂತ ಹುಡುಕಿದರೆ 'ಊರಿನಲ್ಲಿ' ಸಿಗುವುದಿಲ್ಲ, ಕೊನೆಯ ಉಕಾರ ಬಿದ್ದುಹೋಗಿದೆ. 'ಕಾಡು', 'ನಾಡು', 'ಹಾಡು' ಎಲ್ಲದಕ್ಕೂ ಇದೇ ಪಾಡು. ಓದುಗರು ಹುಡುಕಿಯೇ ಬರುವಂಥ ಸೈಟ್ ನಿಮ್ಮದಾದರೆ, ಸಮಯ ಮತ್ತು ಹಣ ಹಾಕಬೇಕಾದ ಜಾಗ ಇದು. ಲಾಗಿನ್ ಪುಟ ಬರೆಯುತ್ತ ತಿಂಗಳು ಕಳೆದರೆ ಇದಕ್ಕೆ ಸಮಯ ಉಳಿಯುವುದಿಲ್ಲ. ಇರುವುದನ್ನು ಒಗ್ಗಿಸಿಕೊಳ್ಳಿ ಅಂತ ನಾನು ಹೇಳೋದಕ್ಕೆ ದೊಡ್ಡ ಕಾರಣ ಇದೇ. ನಿಮ್ಮ ಓದುಗರಿಗೆ ನೀವು ಮಾತ್ರ ಮಾಡಿಕೊಡಬಹುದಾದ ಕೆಲಸ ಯಾವುದೋ ಅದಕ್ಕೆ ಶಕ್ತಿ ಉಳಿಸಿಕೊಳ್ಳಬೇಕು.

ಒಗ್ಗಿಸಿಕೊಳ್ಳೋದರಲ್ಲಿ ಎಲ್ಲಿ ಎಡವುತ್ತಾರೆ

ಒಗ್ಗಿಸೋದರಲ್ಲಿ ಮೂರು ಮಟ್ಟ ಇದೆ. ಸೆಟ್ಟಿಂಗ್ ಬದಲಾಯಿಸೋದು ಮೊದಲನೆಯದು. ಥೀಮ್ (ಸೈಟಿನ ನೋಟ), ಪ್ಲಗಿನ್ (ಹೊಸ ಸೌಲಭ್ಯ ಸೇರಿಸುವ ಕೋಡ್) ಬರೆದು ಹೊರಗಿನಿಂದ ಸೇರಿಸೋದು ಎರಡನೆಯದು. ವರ್ಡ್‌ಪ್ರೆಸ್‌ನಲ್ಲಿ ಇದಕ್ಕೆ ಹುಕ್ ಅನ್ನುತ್ತಾರೆ, "ಈ ಕೆಲಸ ಆಗುವಾಗ ನನ್ನ ಕೋಡನ್ನೂ ಕರಿ" ಅಂತ ಹೇಳಿಡುವ ಜಾಗ. ಮೂರನೆಯದು ತಂತ್ರಾಂಶದ ಮೂಲ ಫೈಲುಗಳನ್ನೇ ತಿದ್ದೋದು. ಈ ಮೂರನೆಯದನ್ನು ಯಾವ ಕಾರಣಕ್ಕೂ ಮಾಡಬೇಡಿ.

ನನ್ನ ಕೈಗೆ ಬಂದ ಒಂದು ಸೈಟಿನಲ್ಲಿ ಹಿಂದಿನವರು ಮೂಲ ಫೈಲಿನಲ್ಲಿ ಏಳೆಂಟು ಸಾಲು ಬದಲಾಯಿಸಿದ್ದರು. ಎಲ್ಲಿ ಅಂತ ಬರೆದಿಟ್ಟಿರಲಿಲ್ಲ. ಅಪ್‌ಡೇಟ್ ಮಾಡಿದರೆ ಆ ಬದಲಾವಣೆ ಹೋಗುತ್ತದೆ, ಸೈಟ್ ಒಡೆಯುತ್ತದೆ ಅನ್ನುವ ಭಯಕ್ಕೆ ಎರಡು ವರ್ಷ ಅಪ್‌ಡೇಟೇ ಆಗಿರಲಿಲ್ಲ. ನಾನು ಅದೇ ಆವೃತ್ತಿಯ ಹೊಸ ಪ್ರತಿ ಇಳಿಸಿಕೊಂಡು ಫೈಲಿಗೆ ಫೈಲ್ ಹೋಲಿಸಿ ನೋಡಿ ಆ ಸಾಲುಗಳನ್ನು ಹುಡುಕಿದೆ. ಹುಡುಕಾಟಕ್ಕೆ ಒಂದು ದಿನ, ಅದನ್ನೆಲ್ಲ ಚಿಕ್ಕ ಪ್ಲಗಿನ್ ಆಗಿ ಬರೆಯೋದಕ್ಕೆ ಎರಡು ದಿನ. ಮೊದಲೇ ಪ್ಲಗಿನ್ ಮಾಡಿದ್ದರೂ ಅದೇ ಎರಡು ದಿನ ಆಗುತ್ತಿತ್ತು, ಆದರೆ ಎರಡು ವರ್ಷ ಸೈಟ್ ಬಾಗಿಲು ತೆರೆದಿಟ್ಟ ಮನೆಯಂತೆ ಇರುತ್ತಿರಲಿಲ್ಲ.

ಅಪ್‌ಡೇಟ್ ಯಾಕೆ ಅಷ್ಟು ಮುಖ್ಯ ಅಂತ ಕೇಳಿದರೆ 2014ರ ಅಕ್ಟೋಬರ್ ನೆನಪಿಸಿಕೊಳ್ಳಿ. ಅಕ್ಟೋಬರ್ 15ರಂದು ಡ್ರೂಪಲ್ 7ರಲ್ಲಿದ್ದ ಒಂದು ದೊಡ್ಡ ಲೋಪಕ್ಕೆ ತೇಪೆ ಬಿಡುಗಡೆಯಾಯಿತು. ಲಾಗಿನ್ ಕೂಡ ಇಲ್ಲದೆ ಯಾರು ಬೇಕಾದರೂ ಡೇಟಾಬೇಸಿಗೆ ಕೈ ಹಾಕಬಹುದಾಗಿದ್ದ ಲೋಪ ಅದು. ಎರಡು ವಾರದ ನಂತರ ಡ್ರೂಪಲ್‌ನ ಭದ್ರತಾ ತಂಡವೇ ಹೇಳಿತು: ಪ್ರಕಟಣೆಯಾದ ಏಳು ಗಂಟೆಯೊಳಗೆ ತೇಪೆ ಹಾಕದವರು ತಮ್ಮ ಸೈಟ್ ಕೈತಪ್ಪಿದೆ ಅಂತಲೇ ತಿಳಿದುಕೊಳ್ಳಬೇಕು. ಏಳು ಗಂಟೆ! ಜನಪ್ರಿಯ ತಂತ್ರಾಂಶ ಬಳಸಿದರೆ ನಿಮ್ಮ ಬೀಗದ ನಕಲಿ ಕೀ ಒಂದೇ ದಿನ ಲಕ್ಷಾಂತರ ಬೀಗಕ್ಕೆ ಹೊಂದುತ್ತದೆ, ಅದು ನಿಜ. ಸ್ವಂತ ಕೋಡಿಗೆ ಅಂಥ ತಾನಾಗಿ ನಡೆಯುವ ದಾಳಿ ಕಡಿಮೆ, ಆದರೆ ಅದರಲ್ಲಿರುವ ಲೋಪವನ್ನು ಹುಡುಕಿ ಹೇಳುವವರೂ ಯಾರೂ ಇರುವುದಿಲ್ಲ. ನನಗೆ ಇವೆರಡರಲ್ಲಿ ಮೊದಲನೆಯದೇ ಮೇಲು ಅನಿಸುತ್ತದೆ, ಅಪ್‌ಡೇಟನ್ನು ಅಂದೇ ಮಾಡುವ ಒಬ್ಬರು ಇದ್ದರೆ ಮಾತ್ರ.

ಪ್ಲಗಿನ್ ಆರಿಸುವಾಗ ಎಷ್ಟು ನಕ್ಷತ್ರ ಸಿಕ್ಕಿದೆ ಅಂತ ನೋಡಿ ಮುಗಿಸಬೇಡಿ. ಕೊನೆಯ ಅಪ್‌ಡೇಟ್ ಯಾವಾಗ ಆಯಿತು, ಅದನ್ನು ನೋಡಿಕೊಳ್ಳೋದು ಒಬ್ಬರಾ ತಂಡವಾ ಅಂತ ನೋಡಿ. ಅದಕ್ಕಿಂತ ಮುಖ್ಯವಾದ ಪರೀಕ್ಷೆ ಒಂದಿದೆ: ಅದರಲ್ಲಿ ಎರಡು ಬರಹ ಮಾಡಿ, ಆಮೇಲೆ ಪ್ಲಗಿನ್ ಆಫ್ ಮಾಡಿ ಆ ಪುಟ ತೆರೆಯಿರಿ. ಬರಹ ಓದುವಂತೆ ಉಳಿದಿದೆಯಾ, ಇಲ್ಲಾ ಚೌಕ ಆವರಣಗಳ ಒಳಗೆ ಅರ್ಥವಾಗದ ಕೋಡ್ ತುಂಬಿಕೊಂಡಿದೆಯಾ? ಎಳೆದು ಬಿಟ್ಟು ಪುಟ ಜೋಡಿಸಿಕೊಡುವ ಕೆಲವು ಪೇಜ್ ಬಿಲ್ಡರ್‌ಗಳು ನಿಮ್ಮ ಬರಹವನ್ನು ತಮ್ಮ ಕೋಡಿನಲ್ಲಿ ಎಷ್ಟು ಸುತ್ತಿಡುತ್ತವೆ ಅಂದರೆ ಅವುಗಳನ್ನು ಬಿಟ್ಟು ಬರೋದೇ ಆಗುವುದಿಲ್ಲ. ಅಂಥದ್ದನ್ನು ಮೊದಲ ದಿನವೇ ಬಿಡಿ.

ಇನ್ನೊಂದು ಸತ್ಯ ಒಪ್ಪಿಕೊಳ್ಳಬೇಕು. ಬೇರೆಯವರ ತಂತ್ರಾಂಶ ಅವರ ದಾರಿಯಲ್ಲಿ ಹೋಗುತ್ತದೆ. 2018ರ ಡಿಸೆಂಬರ್‌ನಲ್ಲಿ ವರ್ಡ್‌ಪ್ರೆಸ್ 5.0 ಬಂದಾಗ ಬರೆಯುವ ಪರದೆಯೇ ಬದಲಾಯಿತು, ಹಳೆಯದಕ್ಕೆ ಕೈ ಒಗ್ಗಿದವರು ಬಹಳ ಒದ್ದಾಡಿದರು. ಡ್ರೂಪಲ್ 7ರಿಂದ 8ಕ್ಕೆ ಹೋಗೋದು ಅಪ್‌ಡೇಟ್ ಅನ್ನೋದಕ್ಕಿಂತ ಮನೆ ಬದಲಾಯಿಸಿದ ಹಾಗೆ ಇತ್ತು, ಒಳಗಿನ ಕಟ್ಟೋಣ ಅಷ್ಟು ಬೇರೆಯಾಗಿತ್ತು. ಎಷ್ಟೋ ಸೈಟುಗಳು ಹೋಗಲಾಗದೆ ಉಳಿದವು, 2021ರ ನವೆಂಬರ್‌ಗೆ ಮುಗಿಯಬೇಕಿದ್ದ ಡ್ರೂಪಲ್ 7ರ ಬೆಂಬಲವನ್ನು ಮತ್ತೆ ಮತ್ತೆ ಮುಂದೂಡಿ ಕೊನೆಗೆ 2025ರ ಜನವರಿ 5ಕ್ಕೆ ನಿಲ್ಲಿಸಿದರು. ನೀವು ಎಷ್ಟು ಜಾಸ್ತಿ ಒಗ್ಗಿಸಿಕೊಂಡಿರುತ್ತೀರೋ ಇಂಥ ತಿರುವಿನಲ್ಲಿ ಅಷ್ಟು ಜಾಸ್ತಿ ಕೆಲಸ ಬೀಳುತ್ತದೆ.

ನಡುವಿನ ದಾರಿ

ಎರಡೇ ಆಯ್ಕೆ ಅಂದುಕೊಂಡು ಜಗಳ ಆಡುವವರಿಗೆ ಇದನ್ನು ತೋರಿಸಿ. ಜಾಂಗೋ ಅನ್ನುವ ಪೈಥಾನ್ ಭಾಷೆಯ ಚೌಕಟ್ಟು (ಸೈಟ್ ಕಟ್ಟಲು ಬೇಕಾದ ಸಾಮಾನ್ಯ ಕೋಡ್ ಮೊದಲೇ ಸಿದ್ಧವಿರುವ ತಂತ್ರಾಂಶ) ಹುಟ್ಟಿದ್ದೇ ಒಂದು ಪತ್ರಿಕೆಯ ಕಚೇರಿಯಲ್ಲಿ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಜರ್ನಲ್ ವರ್ಲ್ಡ್ ಪತ್ರಿಕೆಯಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲ್ಲಿಸನ್ 2003ರಲ್ಲಿ ಶುರು ಮಾಡಿದ್ದು, 2005ರಲ್ಲಿ ಎಲ್ಲರಿಗೂ ಬಿಟ್ಟದ್ದು. ದಿನಾ ಗಡುವಿನೊಳಗೆ ಹೊಸ ಹೊಸ ಬಗೆಯ ಪುಟ ಮಾಡಿಕೊಡಬೇಕಿತ್ತು ಅವರಿಗೆ. ಅದಕ್ಕೇ ನಿಮ್ಮ ಬರಹದ ಆಕಾರವನ್ನು ಕೋಡಿನಲ್ಲಿ ಬರೆದರೆ ಸಾಕು, ಲಾಗಿನ್, ಹಕ್ಕುಗಳು, ಸೇರಿಸುವ ತಿದ್ದುವ ಪರದೆಗಳು ತಾವಾಗಿಯೇ ಸಿಗುತ್ತವೆ. ಉಪನ್ಯಾಸ, ವ್ಯಕ್ತಿ, ಸರಣಿ ಅಂತ ಮೂರು ಟೇಬಲ್ ನಿಮಗೆ ಬೇಕಾದ ಹಾಗೆಯೇ ಇರುತ್ತವೆ. ಇದರ ಮೇಲೆ ವ್ಯಾಗ್‌ಟೇಲ್ ಅನ್ನುವ ಸಿಎಂಎಸ್ ಹಾಕಿದರೆ ಕರಡು, ಹಿಂದಿನ ಆವೃತ್ತಿ, ಚಿತ್ರಗಳ ಸಂಗ್ರಹ, ಒಪ್ಪಿಗೆಯ ಹಂತ ಎಲ್ಲ ಬರುತ್ತದೆ. ಪಿಎಚ್‌ಪಿ ಭಾಷೆ ಗೊತ್ತಿರುವವರಿಗೆ ಲಾರಾವೆಲ್ ಅನ್ನುವ ಚೌಕಟ್ಟಿನ ಮೇಲೆ ಇಂಥವೇ ಇವೆ. ಕೋಡ್ ಬರೆಯುವವರು ಕೈಯಲ್ಲಿದ್ದು ಆಕಾರ ತೊಡಕಿನದಾಗಿದ್ದರೆ ನಾನು ಮೊದಲು ನೋಡೋದು ಇದನ್ನೇ.

ಸ್ಟ್ರಾಪಿ, ಡೈರೆಕ್ಟಸ್‌ನಂಥವು ಇನ್ನೊಂದು ಬಗೆ. ಬರೆಯುವ ಪರದೆ ಮತ್ತು ಡೇಟಾ ಅವು ನೋಡಿಕೊಳ್ಳುತ್ತವೆ, ಓದುಗರಿಗೆ ಕಾಣುವ ಸೈಟನ್ನು ನೀವು ಬೇರೆ ಮಾಡುತ್ತೀರಿ. ಈಗಾಗಲೇ ಡೇಟಾಬೇಸ್ ಇದ್ದರೆ ಡೈರೆಕ್ಟಸ್ ಅದರ ಮೇಲೆಯೇ ಕೂರುತ್ತದೆ. ಒಂದೇ ಬರಹ ಸೈಟಿಗೂ ಮೊಬೈಲ್ ಆ್ಯಪ್‌ಗೂ ಹೋಗಬೇಕಾದರೆ ಇದು ಒಳ್ಳೆಯದು. ಬರೀ ಸೈಟ್ ಆದರೆ ಎರಡು ವಸ್ತು ನೋಡಿಕೊಳ್ಳುವ ಕೆಲಸ ಬೀಳುತ್ತದೆ, 'ಪ್ರಕಟಿಸುವ ಮುಂಚೆ ನೋಡು' ಅನ್ನುವ ಗುಂಡಿಗೂ ನೀವೇ ಕೆಲಸ ಮಾಡಬೇಕು, ಸಂಪಾದಕರು ಮೊದಲ ವಾರವೇ ಅದನ್ನು ಕೇಳುತ್ತಾರೆ. ಬರೆಯುವವರು ಒಬ್ಬರೇ, ಅವರಿಗೆ ಫೈಲು ಫೋಲ್ಡರು ರೂಢಿ ಇದೆ ಅಂದರೆ ಜೆಕಿಲ್, ಹ್ಯೂಗೋ ಥರದ ಸ್ಥಿರ ಸೈಟ್ ಮಾಡುವ ಸಾಧನ ಸಾಕು, ಸಿಎಂಎಸ್ಸೇ ಬೇಡ.

ಒಂದು ವಾರದ ಪರೀಕ್ಷೆ

ಎರಡು ತಂತ್ರಾಂಶ ಆರಿಸಿಕೊಳ್ಳಿ, ಮೂರು ಬೇಡ. ಎರಡು ದಿನದಲ್ಲಿ ಆಗುವಷ್ಟು ಸಿದ್ಧ ಮಾಡಿ, ಚೆಂದ ಮಾಡಲು ಹೋಗಬೇಡಿ. ಆಮೇಲೆ ಆ ಹತ್ತು ಬರಹಗಳನ್ನು ಮುಂದೆ ನಿಜವಾಗಿ ಬಳಸುವವರ ಕೈಗೆ ಕೊಟ್ಟು ಪಕ್ಕದಲ್ಲಿ ಕೂತುಕೊಳ್ಳಿ. ಸಹಾಯ ಮಾಡಬೇಡಿ. ಇದು ಕಷ್ಟ, ಬಾಯಿ ತುರಿಸುತ್ತದೆ, ಆದರೂ ಸುಮ್ಮನಿರಿ. ಅವರು ಎಲ್ಲಿ ನಿಂತರು, ಎಲ್ಲಿ ತಪ್ಪು ಗುಂಡಿ ಒತ್ತಿದರು, ಎಲ್ಲಿ "ಇದನ್ನು ಎಲ್ಲಿ ಹಾಕೋದು?" ಅಂದರು ಅಂತ ಬರೆದುಕೊಳ್ಳಿ. ಮೇಲಿನ ಉಪನ್ಯಾಸದ ಉದಾಹರಣೆಯಲ್ಲಿ ಇಸವಿ ಮಾತ್ರ ಗೊತ್ತಿರುವ ಬರಹ ಬಂದಾಗ ದಿನಾಂಕದ ಪೆಟ್ಟಿಗೆ ಜನವರಿ 1 ಅಂತ ಹಾಕಿಸುತ್ತದೆ. ಸಂಪಾದಕರು ಅದನ್ನೇ ಹಾಕಿ ಮುಂದೆ ಹೋಗುತ್ತಾರೆ. ಸಂಗ್ರಹದಲ್ಲಿ ಒಂದು ಸುಳ್ಳು ಸೇರಿತು. ಇಂಥದ್ದು ಯಾವ ಹೋಲಿಕೆ ಪಟ್ಟಿಯಲ್ಲೂ ಸಿಗುವುದಿಲ್ಲ, ಪಕ್ಕದಲ್ಲಿ ಕೂತವರಿಗೆ ಮಾತ್ರ ಕಾಣುತ್ತದೆ.

ಹೊಂದದೇ ಉಳಿದದ್ದನ್ನೆಲ್ಲ ಮೂರು ಗುಂಪು ಮಾಡಿ. ಸೆಟ್ಟಿಂಗ್‌ನಲ್ಲಿ ಸರಿಹೋಗುವುದು ಒಂದು. ಚಿಕ್ಕ ಪ್ಲಗಿನ್‌ನಲ್ಲಿ ಸರಿಹೋಗುವುದು ಇನ್ನೊಂದು, ದಿನಾಂಕದ ತೊಡಕು ಇದಕ್ಕೆ ಸೇರುತ್ತದೆ, ದಿನ ತಿಂಗಳು ಇಸವಿಗೆ ಬೇರೆ ಬೇರೆ ಪೆಟ್ಟಿಗೆ ಮಾಡಿದರೆ ಮುಗಿಯಿತು. ತಂತ್ರಾಂಶದ ಸ್ವಭಾವದ ಜೊತೆಗೇ ಗುದ್ದಾಡಬೇಕಾದದ್ದು ಮೂರನೆಯದು. ಈ ಮೂರನೇ ಗುಂಪು ಖಾಲಿ ಇದ್ದರೆ ಅಥವಾ ಅದರಲ್ಲಿ ಇರೋದು ವರ್ಷಕ್ಕೆ ಒಂದೆರಡು ಸಲ ಮಾಡುವ ಕೆಲಸವಾದರೆ ಒಗ್ಗಿಸಿಕೊಳ್ಳಿ, ಅಂಥದ್ದನ್ನು ಕೈಯಿಂದ ಮಾಡಿದರೂ ನಡೆಯುತ್ತದೆ. ಅದರಲ್ಲಿರೋದು ದಿನಾ ಹತ್ತು ಸಲ ಮಾಡುವ ಕೆಲಸವಾದರೆ, ಎರಡು ತಂತ್ರಾಂಶದಲ್ಲೂ ಹಾಗೇ ಆದರೆ, ಆಗ ಚೌಕಟ್ಟಿನ ಮೇಲೆ ಕಟ್ಟುವ ಯೋಚನೆ ಮಾಡಿ.

ಅಂಥದ್ದು ಯಾವುದು ಅಂದರೆ, ನಿಘಂಟು ಅಂದುಕೊಳ್ಳಿ. ಒಂದು ಪದ, ಅದಕ್ಕೆ ಹಲವು ಅರ್ಥ, ಒಂದೊಂದು ಅರ್ಥಕ್ಕೂ ಬಳಕೆಯ ಉದಾಹರಣೆ, ಬೇರೆ ಪದಗಳಿಗೆ ಕೊಂಡಿ, ಇಬ್ಬರು ಪರಿಶೀಲಿಸಿದ ಮೇಲೆ ಮಾತ್ರ ಪ್ರಕಟಣೆ. ಇಲ್ಲಿ 'ಪುಟ' ಅನ್ನುವ ಕಲ್ಪನೆಯೇ ಹೊಂದುವುದಿಲ್ಲ. ಕೆಲಸ ಮಾಡುವವರಿಗೆ ಪುಟ ಪುಟ ತೆರೆಯದೆ ಒಂದೇ ಪರದೆಯಲ್ಲಿ ಐವತ್ತು ಪದ ಕಾಣಬೇಕು. ಇದಕ್ಕೆ ಬ್ಲಾಗ್ ತಂತ್ರಾಂಶ ಬಗ್ಗಿಸಲು ಹೋದರೆ ಎತ್ತು ಏರಿಗೆ, ಕೋಣ ನೀರಿಗೆ. ಸ್ವಂತದ್ದನ್ನೇ ಕಟ್ಟಿ. ಆದರೆ ಕಟ್ಟಿದವರು ಬಿಟ್ಟುಹೋದ ಮೇಲೆ ನೋಡಿಕೊಳ್ಳಲು ಇನ್ನೊಬ್ಬರು ಇದ್ದಾರಾ ಅನ್ನೋದಕ್ಕೆ ಹೆಸರು ಹೇಳುವಂಥ ಉತ್ತರ ಇರಬೇಕು. "ಯಾರಾದರೂ ಸಿಗುತ್ತಾರೆ" ಅಂದರೆ ಆಗುವುದಿಲ್ಲ.

ಖರ್ಚನ್ನು ಮೂರು ವರ್ಷಕ್ಕೆ ಹಾಕಿ. ಒಗ್ಗಿಸೋದಾದರೆ ಮೊದಲ ಕೆಲಸದ ಗಂಟೆ, ತಿಂಗಳಿಗೆ ಇಷ್ಟು ಗಂಟೆ ಅಪ್‌ಡೇಟ್ ಮತ್ತು ಪರೀಕ್ಷೆಗೆ, ಹಣ ಕೊಟ್ಟು ತರುವ ಪ್ಲಗಿನ್‌ಗಳ ವರ್ಷದ ಬಾಡಿಗೆ. ಕಟ್ಟೋದಾದರೆ ಮೊದಲ ಕೆಲಸ, ಆಮೇಲೆ ಸಂಪಾದಕರು ಕೇಳುವ ಸಣ್ಣಪುಟ್ಟವು, ಚೌಕಟ್ಟಿನ ಆವೃತ್ತಿ ಬದಲಾವಣೆ, ಹೊಸಬರಿಗೆ ಕೋಡ್ ಕಲಿಸುವ ಸಮಯ. ಗಂಟೆಗಳಲ್ಲೇ ಬರೆಯಿರಿ, ಹಣದಲ್ಲಿ ಬರೆದರೆ ತಮ್ಮವರ ಸಮಯವನ್ನು ಎಲ್ಲರೂ ಸೊನ್ನೆ ಅಂತ ಹಿಡಿಯುತ್ತಾರೆ.

ತೀರ್ಮಾನ ಆದ ಮೇಲೆ

ಕಟ್ಟೋದಾದರೆ ಬರೆಯುವ ಎಡಿಟರನ್ನು ನೀವೇ ಬರೆಯಬೇಡಿ, ಸಿಕೆಎಡಿಟರ್, ಟಿಪ್‌ಟ್ಯಾಪ್ ಥರದ್ದು ಬಳಸಿ. ಲಾಗಿನ್ನೂ ಅಷ್ಟೇ, ಚೌಕಟ್ಟು ಕೊಟ್ಟದ್ದನ್ನೇ ಬಳಸಿ. ಹಿಂದಿನ ಆವೃತ್ತಿ ಉಳಿಸೋದು ಮತ್ತು ಇಬ್ಬರು ತೆರೆದಾಗ ಎಚ್ಚರಿಸೋದು ಮೊದಲ ತಿಂಗಳಲ್ಲೇ ಆಗಲಿ. ಆ ಹತ್ತು ಬರಹಗಳನ್ನು ಡೇಟಾಬೇಸಿಗೆ ಹಾಕುವ ಸ್ಕ್ರಿಪ್ಟ್ ಮೊದಲು ಬರೆಯಿರಿ, ಪರದೆ ಆಮೇಲೆ. ಟೇಬಲ್‌ಗಳಲ್ಲಿ ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಒಗ್ಗಿಸೋದಾದರೆ ಲೈವ್ ಸೈಟಿನ ಒಂದು ಪ್ರತಿಯನ್ನು ಬೇರೆ ಕಡೆ ಇಟ್ಟುಕೊಂಡು ಅಪ್‌ಡೇಟನ್ನು ಮೊದಲು ಅಲ್ಲಿ ಹಾಕಿ ನೋಡಿ. ನೀವು ಬರೆದ ಕೋಡೆಲ್ಲ ಒಂದೇ ಪ್ಲಗಿನ್‌ನಲ್ಲಿ ಇರಲಿ, ಥೀಮಿನ ಫೈಲುಗಳಲ್ಲಿ ಚದುರಿಸಬೇಡಿ, ಇಲ್ಲದಿದ್ದರೆ ಥೀಮ್ ಬದಲಾಯಿಸಿದ ದಿನ 'ಉಪನ್ಯಾಸ' ಅನ್ನುವ ಬಗೆಯೇ ಮೆನುವಿನಿಂದ ಕಾಣೆಯಾಗುತ್ತದೆ. ಸಮಯ ಇಟ್ಟ ಬರಹ ಹೊತ್ತಿಗೆ ಸರಿಯಾಗಿ ಪ್ರಕಟವಾಗದಿದ್ದರೆ ಗಾಬರಿ ಬೇಡ. ವರ್ಡ್‌ಪ್ರೆಸ್ ಆ ಕೆಲಸವನ್ನು ಯಾರಾದರೂ ಸೈಟಿಗೆ ಬಂದಾಗ ಮಾಡುತ್ತದೆ, ಬೆಳಗಿನ ಜಾವ ಯಾರೂ ಬರದಿದ್ದರೆ ಕಾಯುತ್ತದೆ. ಸರ್ವರ್‌ನ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಕೆಲಸ ಮಾಡಿಸುವ ವ್ಯವಸ್ಥೆ) ಐದು ನಿಮಿಷಕ್ಕೊಮ್ಮೆ ಅದನ್ನು ಕರೆಯುವಂತೆ ಹಾಕಿದರೆ ಸರಿಹೋಗುತ್ತದೆ.

ಯಾವ ದಾರಿಯಾದರೂ ತಿಂಗಳಿಗೊಮ್ಮೆ ಎಲ್ಲ ಬರಹವನ್ನೂ ಹೊರಗೆ ತೆಗೆಯಿರಿ. ಹೋಸ್ಟಿಂಗ್‌ನವರ ಬ್ಯಾಕಪ್ ಇದೆ ಅಂತ ಬಿಡಬೇಡಿ. ತೆಗೆದ ಫೈಲನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ಒಂದು ಬರಹ ಪೂರ್ತಿ ಓದಿ: ಒತ್ತಕ್ಷರ ಸರಿ ಇದೆಯಾ, ಚಿತ್ರ ಬಂದಿದೆಯಾ, ಬರೆದವರ ಹೆಸರು, ದಿನಾಂಕ, ಹಳೆಯ ವಿಳಾಸ ಜೊತೆಗಿದೆಯಾ ಅಂತ ನೋಡಿ. ಮುಂದೊಂದು ದಿನ ಬೇರೆ ತಂತ್ರಾಂಶಕ್ಕೆ ಹೋಗುವಾಗ ಹೊಸಬರು ಮೊದಲು ಕೇಳೋದು ಈ ಫೈಲನ್ನೇ.